ಹಳೆಯ ಕಮಾಂಡ್ ಲೈನ್ ಸಂಕುಚನ ಸಾಧನಗಳಿಗೆ ಕಿಟಕಿ ಹುಡುಕುವ ಬಗೆ

ಹಳೆಯ ಹಾರ್ಡ್ ಡಿಸ್ಕಿನ ಮೂಲೆಯಲ್ಲೋ ಬೀರುವಿನ ತಳದಲ್ಲಿ ಉಳಿದುಹೋದ ಫ್ಲಾಪಿಗಳ ಡಬ್ಬದಲ್ಲೋ ಎಆರ್‌ಜೆ, ಎಲ್‌ಜೆಡ್‌ಎಚ್, ಝೂ, ಎಆರ್‌ಸಿ ಎಂದು ಕೊನೆಗೊಳ್ಳುವ ಕಡತಗಳು ಸಿಕ್ಕಿದಾಗ ಈಗಿನ ಕಂಪ್ಯೂಟರು ಅವುಗಳ ಮುಂದೆ ಕೈಚೆಲ್ಲಿಬಿಡುವುದುಂಟು. ಅವುಗಳನ್ನು ಕಟ್ಟಿದ ಸಾಧನಗಳು 1985ರಿಂದ 1995ರವರೆಗಿನ ಸುಮಾರು ಹತ್ತು ವರ್ಷಗಳಲ್ಲಿ ಡಾಸ್ ಮತ್ತು ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಗಳ ಕಪ್ಪು ಪರದೆಯ ಮೇಲೆ ಬಾಳಿದವು. ಅವಕ್ಕೆ ಮೌಸ್ ಗೊತ್ತಿರಲಿಲ್ಲ, ಗೊತ್ತಿದ್ದುದು ಒಂದಕ್ಷರದ ಆದೇಶಗಳು ಮಾತ್ರ. ಅಂಥ ಸಾಧನಗಳನ್ನು ಇಂದು ಮೌಸಿನಿಂದ ನಡೆಸಬಲ್ಲ ಕಿಟಕಿಯೊಂದನ್ನು, ಅಂದರೆ ತಂತ್ರಾಂಶದವರು ಫ್ರಂಟ್‌ಎಂಡ್ ಎಂದು ಕರೆಯುವುದನ್ನು, ಹುಡುಕಿ ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಮೂರು ಪದಗಳ ಒಪ್ಪಂದ ಮಾಡಿಕೊಳ್ಳೋಣ. ಸಂಕುಚಿಸಿ ಕಟ್ಟಿಟ್ಟ ಕಡತವನ್ನು ಗಂಟು ಎಂದೂ, ಗಂಟು ಕಟ್ಟುವ ಅಥವಾ ಬಿಚ್ಚುವ ಕಮಾಂಡ್ ಲೈನ್ ಸಾಧನವನ್ನು ಎಂಜಿನ್ ಎಂದೂ, ನಮ್ಮ ಕಣ್ಣಿಗೆ ಕಾಣುವ ಭಾಗವನ್ನು ಕಿಟಕಿ ಎಂದೂ ಕರೆಯುತ್ತೇನೆ. ಕಮಾಂಡುಗಳನ್ನೂ ಕಡತಗಳ ಬಾಲಗಳನ್ನೂ (ಹೆಸರಿನ ಕೊನೆಯ ಚುಕ್ಕಿಯ ನಂತರ ಬರುವ ಅಕ್ಷರಗಳನ್ನೂ) ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ, ದೊಡ್ಡದೆಂದು ಹೇಳಿರುವ ಕಡೆ ಬಿಟ್ಟು, ಅವು ಇಂಗ್ಲಿಷಿನ ಸಣ್ಣ ಅಕ್ಷರಗಳೇ ಆಗಿರಬೇಕು.

ಕಿಟಕಿಯ ಹಿಂದೆ ನಡೆಯುವುದೇನು

ಬಹಳ ಮಂದಿ ಕಿಟಕಿಯಿಂದ ಹುಡುಕಾಟ ಆರಂಭಿಸುತ್ತಾರೆ. ಚಂದ ಕಾಣುವ ತಂತ್ರಾಂಶವೊಂದನ್ನು ಇಳಿಸಿಕೊಂಡು, ಅದು ಗಂಟನ್ನು ತೆರೆಯದಿದ್ದಾಗ ಇನ್ನೊಂದನ್ನು, ಅದೂ ತೆರೆಯದಿದ್ದಾಗ ಮತ್ತೊಂದನ್ನು ಇಳಿಸುತ್ತ ಸಂಜೆ ಕಳೆಯುತ್ತಾರೆ. ಹುಡುಕಾಟ ಎಂಜಿನ್ನಿನಿಂದ ಆರಂಭವಾಗಬೇಕು, ಏಕೆಂದರೆ ಕಿಟಕಿಗೆ ಸ್ವಂತ ಶಕ್ತಿಯೆಂಬುದು ಇಲ್ಲ. ನೀವು ಗಂಟಿನ ಮೇಲೆ ಎರಡು ಬಾರಿ ಒತ್ತಿದಾಗ ಅದು ಹಿನ್ನೆಲೆಯಲ್ಲಿ ಎಂಜಿನ್ನನ್ನು ಕರೆದು 'ಪಟ್ಟಿ ಕೊಡು' ಎನ್ನುತ್ತದೆ. ಎಂಜಿನ್ ಬರೆದುಕೊಟ್ಟ ಸಾಲುಗಳನ್ನು ಓದಿ, ಹೆಸರು, ಗಾತ್ರ, ದಿನಾಂಕಗಳನ್ನು ಬೇರ್ಪಡಿಸಿ, ಅಂದವಾದ ಕೋಷ್ಟಕವಾಗಿ ಬಿಡಿಸುತ್ತದೆ. ಬಿಚ್ಚುವ ಗುಂಡಿ ಒತ್ತಿದಾಗ ಅದೇ ಎಂಜಿನ್ನನ್ನು ಬೇರೊಂದು ಅಕ್ಷರದೊಡನೆ ಮತ್ತೆ ಕರೆಯುತ್ತದೆ, ಕೆಲಸ ಮುಗಿದಾಗ ಎಂಜಿನ್ ಹಿಂದಿರುಗಿಸುವ ಸಂಖ್ಯೆಯನ್ನು ನೋಡಿ ಗೆದ್ದಿತೋ ಸೋತಿತೋ ಎಂದು ತಿಳಿಸುತ್ತದೆ. ಸೆವೆನ್‌ಜಿಪ್ ಎಂಬ ಉಚಿತ ಸಾಧನದ ಕಮಾಂಡ್ ಲೈನ್ ರೂಪದಲ್ಲಿ 0 ಎಂದರೆ ತೊಂದರೆಯಿಲ್ಲ, 1 ಎಂದರೆ ಎಚ್ಚರಿಕೆ, 2 ಎಂದರೆ ಕೆಲಸ ಕೆಟ್ಟಿತು, 8 ಎಂದರೆ ಸ್ಮೃತಿ ಸಾಲಲಿಲ್ಲ. ಸೋಮಾರಿ ಕಿಟಕಿಗಳು ಇವೆಲ್ಲವನ್ನೂ 'ದೋಷ ಸಂಭವಿಸಿದೆ' ಎಂಬ ಒಂದೇ ವಾಕ್ಯದಲ್ಲಿ ಮುಚ್ಚಿಹಾಕುತ್ತವೆ.

ಈ ಏರ್ಪಾಡು ಹೊಸದೇನಲ್ಲ. ಇಂದು ಬೇರೆ ಎಂಜಿನ್ನಿನ ಹಂಗಿಲ್ಲದ ತಂತ್ರಾಂಶವೆಂದೇ ಎಲ್ಲರಿಗೂ ಪರಿಚಿತವಾದ ವಿನ್‌ಜಿಪ್ 1991ರಲ್ಲಿ ಹೊರಬಂದಾಗ ಡಾಸ್‌ನ ಪಿಕೆಜಿಪ್‌ಗೆ ತೊಡಿಸಿದ ಕಿಟಕಿ ಮಾತ್ರವಾಗಿತ್ತು. ಪಿಕೆಜಿಪ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. 1993ರ 5.0 ಆವೃತ್ತಿಯಲ್ಲಿ ಇನ್ಫೋ-ಜಿಪ್ ಎಂಬ ಮುಕ್ತ ಆಕರ ಯೋಜನೆಯ ಕೋಡನ್ನು ಒಳಗೆ ಸೇರಿಸಿಕೊಂಡ ಬಳಿಕವೇ ಜಿಪ್ ಗಂಟುಗಳ ಮಟ್ಟಿಗೆ ಅದು ಸ್ವಾವಲಂಬಿಯಾಯಿತು. ಆಮೇಲೂ ಎಆರ್‌ಜೆ, ಎಲ್‌ಎಚ್‌ಎ, ಎಆರ್‌ಸಿಗಳ ಎಂಜಿನ್ನುಗಳು ಯಾವ ಫೋಲ್ಡರಿನಲ್ಲಿವೆ ಎಂದು ಅದರ ಸೆಟ್ಟಿಂಗ್ಸ್‌ನಲ್ಲಿ ನಾವೇ ಬರೆದುಕೊಡಬೇಕಾಗಿದ್ದ ದಿನಗಳು ಆ ಕಾಲದವರಿಗೆ ನೆನಪಿರಬಹುದು. ಅದೇ ಎರಡು ಬಗೆ ಇಂದಿಗೂ ಉಳಿದಿದೆ: ಎಂಜಿನ್ನನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುವ ಕಿಟಕಿಗಳು ಒಂದು, ಹೊರಗಿನ ಎಂಜಿನ್ನನ್ನು ಕರೆದು ಕೆಲಸ ಮಾಡಿಸುವ ಕಿಟಕಿಗಳು ಇನ್ನೊಂದು.

ಗಂಟು ಯಾವುದೆಂದು ಗುರುತಿಸುವುದು

ಕಡತದ ಬಾಲವನ್ನು ನಂಬಬೇಡಿ. ಎಆರ್‌ಸಿ ಎಂಬ ಬಾಲವನ್ನೇ ನೋಡಿ: 1985ರಲ್ಲಿ ಥಾಮ್ ಹೆಂಡರ್ಸನ್ ಅವರ ಸಿಸ್ಟಮ್ ಎನ್‌ಹಾನ್ಸ್‌ಮೆಂಟ್ ಅಸೋಸಿಯೇಟ್ಸ್ ಸಂಸ್ಥೆ ಹೊರತಂದ ಸಾಧನದ ಗಂಟಿಗೂ ಅದೇ ಬಾಲ, ಎಷ್ಟೋ ವರ್ಷಗಳ ನಂತರ ಬಂದ ಫ್ರೀಆರ್ಕ್ ಎಂಬ ಬೇರೆಯೇ ಸಾಧನದ ಗಂಟಿಗೂ ಅದೇ ಬಾಲ. ಒಂದನ್ನು ತೆರೆಯುವ ಎಂಜಿನ್ನಿಗೆ ಇನ್ನೊಂದು ಅರ್ಥವಾಗದು. ಪೀಜಿಪ್ ಎಂಬ ಕಿಟಕಿ ಎಆರ್‌ಸಿಯನ್ನು ತೆರೆಯುತ್ತದೆ ಎಂದು ಓದಿ ಡಾಸ್ ಕಾಲದ ಗಂಟನ್ನು ಅದಕ್ಕೆ ಕೊಟ್ಟವರು ನಿರಾಶರಾಗುವುದು ಈ ಕಾರಣಕ್ಕೇ. ಅಲ್ಲಿ ಹೇಳಿರುವುದು ಫ್ರೀಆರ್ಕ್‌ನ ಮಾತು.

ನಂಬಬೇಕಾದುದು ಕಡತದ ಆರಂಭದಲ್ಲಿರುವ ಗುರುತನ್ನು. ಕಡತದ ಬೈಟ್‌ಗಳನ್ನು ಹಾಗೆಯೇ ತೋರಿಸುವ ಯಾವುದೇ ಹೆಕ್ಸ್ ಎಡಿಟರಿನಲ್ಲಿ ತೆರೆದು ಮೊದಲ ಕೆಲವು ಬೈಟ್‌ಗಳನ್ನು ನೋಡಿದರೆ ಸಾಕು. ಜಿಪ್ ಗಂಟು ಪಿ ಮತ್ತು ಕೆ ಅಕ್ಷರಗಳಿಂದ ಆರಂಭವಾಗುತ್ತದೆ. ಅವು 1989ರಲ್ಲಿ ಪಿಕೆಜಿಪ್ ಹೊರತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಎಆರ್‌ಜೆಯ ಗುರುತು ಹೆಕ್ಸ್ ಎಂಬ ಹದಿನಾರರ ಲೆಕ್ಕದಲ್ಲಿ 60 ಮತ್ತು ಇಎ. ಎಲ್‌ಎಚ್‌ಎ ಗಂಟಿನಲ್ಲಿ ಮೂರನೆಯ ಬೈಟಿನಿಂದ ಎರಡು ಅಡ್ಡಗೆರೆಗಳ ನಡುವೆ ಎಲ್‌ಎಚ್ 1 ಅಥವಾ ಎಲ್‌ಎಚ್ 5 ಎಂದು ಬರೆದಿರುತ್ತದೆ. ಝೂ ಗಂಟು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದುಕೊಂಡೇ ಆರಂಭವಾಗುತ್ತದೆ, ರಾರ್ ತನ್ನ ಹೆಸರಿಗೆ ಆಶ್ಚರ್ಯಸೂಚಕ ಚಿಹ್ನೆಯನ್ನೂ ಸೇರಿಸಿಕೊಳ್ಳುತ್ತದೆ. ಹಳೆಯ ಎಆರ್‌ಸಿಯ ಮೊದಲ ಬೈಟು 1ಎ. ಯೂನಿಕ್ಸ್‌ನ ಕಂಪ್ರೆಸ್ ಕಟ್ಟಿದ ಕಡತದಲ್ಲಿ 1ಎಫ್ ಮತ್ತು 9ಡಿ, ಜಿಜಿಪ್‌ನದರಲ್ಲಿ 1ಎಫ್ ಮತ್ತು 8ಬಿ ಇರುತ್ತವೆ.

ಇಷ್ಟು ಶ್ರಮ ಬೇಡವೆನ್ನುವವರಿಗೆ ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಫೈಲ್ ಎಂಬ ಪುಟ್ಟ ಕಮಾಂಡು ಇದೆ. ಅದರ ಮುಂದೆ ಗಂಟಿನ ಹೆಸರು ಬರೆದರೆ ಬಗೆಯನ್ನು ಹೇಳಿಬಿಡುತ್ತದೆ. ವಿಂಡೋಸ್‌ನಲ್ಲಿ ಟ್ರಿಡ್ ಎಂಬ ಉಚಿತ ಸಾಧನ ಅದೇ ಕೆಲಸ ಮಾಡುತ್ತದೆ. ಇಎಕ್ಸ್‌ಇ ಬಾಲದ ಕಡತ ಸಿಕ್ಕಿದರೆ ಅದು ತಾನೇ ಬಿಚ್ಚಿಕೊಳ್ಳುವ ಗಂಟಾಗಿರಬಹುದು. ಅದನ್ನು ಓಡಿಸಬೇಡಿ, ಸೆವೆನ್‌ಜಿಪ್‌ನಂಥ ಕಿಟಕಿಯಲ್ಲಿ ಗಂಟಿನಂತೆಯೇ ತೆರೆಯಲು ಪ್ರಯತ್ನಿಸಿ. ಹದಿನಾರು ಬಿಟ್‌ನ ಡಾಸ್ ಇಎಕ್ಸ್‌ಇ ಆದರೆ 64 ಬಿಟ್ ವಿಂಡೋಸ್‌ನಲ್ಲಿ ಓಡಿಸಿದರೂ ಓಡದು.

ಎಂಜಿನ್ನುಗಳ ಲಭ್ಯತೆ

ಯಾವ ಸಾಧನದ ಒಳರಚನೆಯನ್ನು ಅದರ ಕರ್ತೃ ಬಹಿರಂಗವಾಗಿ ಬರೆದಿಟ್ಟರೋ ಆ ಸಾಧನದ ಗಂಟು ಇಂದಿಗೂ ಸಲೀಸಾಗಿ ತೆರೆಯುತ್ತದೆ, ಗುಟ್ಟಾಗಿಟ್ಟವರದು ಕಷ್ಟ. ಕಾಟ್ಜ್ ಅವರು ಎಆರ್‌ಸಿಯ ಒಡೆಯರೊಡನೆ 1988ರಲ್ಲಿ ಮೊಕದ್ದಮೆಯಲ್ಲಿ ಸಿಲುಕಿ, ಆ ಬಳಿಕ ಹೊಸದಾಗಿ ಜಿಪ್ ರೂಪಿಸಿದಾಗ ಅದರ ರಚನೆಯನ್ನು ಎಲ್ಲರಿಗೂ ತೆರೆದಿಟ್ಟರು. ಇಂದು ಯಾವ ಕಾರ್ಯವ್ಯವಸ್ಥೆಯಲ್ಲಿ ನೋಡಿದರೂ ಜಿಪ್ ಇರುವುದಕ್ಕೆ ಅದೊಂದು ಮುಖ್ಯ ಕಾರಣ.

ಎಆರ್‌ಜೆಯನ್ನು ಬರೆದವರು ರಾಬರ್ಟ್ ಜಂಗ್. ಫ್ಲಾಪಿಗೆ ಫ್ಲಾಪಿಯಾಗಿ ಗಂಟನ್ನು ತುಂಡರಿಸಿ ಇಡುವ ಅದರ ಜಾಣ್ಮೆಗಾಗಿ ತೊಂಬತ್ತರ ದಶಕದಲ್ಲಿ ಅದು ಮನೆಮಾತಾಗಿತ್ತು. ಅದರ ಮುಕ್ತ ಆಕರದ ರೂಪವೊಂದು ಇಂದಿಗೂ ಲಿನಕ್ಸ್ ವಿತರಣೆಗಳಾದ ಡೆಬಿಯನ್ ಮತ್ತು ಉಬುಂಟುಗಳ ತಂತ್ರಾಂಶ ಭಂಡಾರಗಳಲ್ಲಿ ಎಆರ್‌ಜೆ ಎಂಬ ಹೆಸರಿನಲ್ಲೇ ಸಿಗುತ್ತದೆ. ಬಿಚ್ಚುವುದಷ್ಟೇ ಸಾಕಾದರೆ ಸೆವೆನ್‌ಜಿಪ್ ಕೂಡ ಅದನ್ನು ಓದುತ್ತದೆ. ಎಲ್‌ಎಚ್‌ಎಯ ಮೂಲ ಜಪಾನಿನದು. ವೃತ್ತಿಯಿಂದ ವೈದ್ಯರಾದ ಹರುಯಾಸು ಯೋಶಿಝಾಕಿ ಅವರು 1988ರಲ್ಲಿ ಎಲ್‌ಹಾರ್ಕ್ ಹೆಸರಿನಲ್ಲಿ ಹೊರತಂದ ಈ ಸಾಧನ ಜಪಾನಿನಲ್ಲೂ ಅಮೀಗಾ ಕಂಪ್ಯೂಟರಿನ ಬಳಕೆದಾರರಲ್ಲೂ ಬೇರೂರಿತು. ಬಿಚ್ಚಲು ಲಾಸಾ ಎಂಬ ಮುಕ್ತ ಎಂಜಿನ್ ಇದೆ, ಸೆವೆನ್‌ಜಿಪ್ ಸಹ ಆಗುತ್ತದೆ. ರಾಹುಲ್ ಧೇಸಿ ಅವರು 1986ರಲ್ಲಿ ರಚಿಸಿದ ಝೂ ಹಾಗೂ ಹಳೆಯ ಎಆರ್‌ಸಿಗಳನ್ನು ಸೆವೆನ್‌ಜಿಪ್ ತೆರೆಯುವುದಿಲ್ಲ. ಅವಕ್ಕೆ ಅನಾರ್ ಎಂಬ ಎಂಜಿನ್ ಸೂಕ್ತ.

ಅನಾರ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಮ್ಯಾಕ್‌ನ ದಿ ಅನಾರ್ಕೈವರ್ ಎಂಬ ಕಿಟಕಿಯ ಒಳಗಿನ ಎಂಜಿನ್ನೇ ಹೊರಬಂದು ಅನಾರ್ ಮತ್ತು ಎಲ್ಎಸ್‌ಎಆರ್ ಎಂಬ ಎರಡು ಕಮಾಂಡುಗಳಾಗಿ ಲಿನಕ್ಸ್‌ಗೂ ಬಂದಿದೆ. ಮೊದಲನೆಯದು ಬಿಚ್ಚುತ್ತದೆ, ಎರಡನೆಯದು ಪಟ್ಟಿ ಕೊಡುತ್ತದೆ. ಹೊಸ ಗಂಟು ಕಟ್ಟಲು ಅದಕ್ಕೆ ಬಾರದು. ಆದರೆ ಎಆರ್‌ಜೆ, ಎಲ್‌ಎಚ್‌ಎ, ಎಆರ್‌ಸಿ, ಝೂಗಳಲ್ಲದೆ ಹಳೆಯ ಮ್ಯಾಕ್‌ಗಳ ಸ್ಟಫಿಟ್, ಕಾಂಪ್ಯಾಕ್ಟ್ ಪ್ರೋಗಳವರೆಗೂ ಅದರ ಕೈ ಚಾಚುತ್ತದೆ. ಒಂದೇ ಎಂಜಿನ್ ಇಟ್ಟುಕೊಳ್ಳಿ ಎಂದು ಯಾರಾದರೂ ಒತ್ತಾಯಿಸಿದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಜಿಪ್ ಗಂಟಿನಲ್ಲೂ ಒಂದು ಹಳೆಯ ಮುಳ್ಳಿದೆ. ಪಿಕೆಜಿಪ್‌ನ 1990ರ ಆಸುಪಾಸಿನ ಆವೃತ್ತಿಗಳು ಶ್ರಿಂಕ್, ಇಂಪ್ಲೋಡ್ ಎಂಬ ವಿಧಾನಗಳಲ್ಲಿ ಸಂಕುಚಿಸುತ್ತಿದ್ದವು. ಈಗ ಎಲ್ಲೆಡೆ ಬಳಕೆಯಲ್ಲಿರುವ ಡಿಫ್ಲೇಟ್ ಬಂದುದು ಆಮೇಲೆ. ಕೇವಲ ಡಿಫ್ಲೇಟ್ ಬಲ್ಲ ಕಿಟಕಿಯಲ್ಲಿ ಇಂಥ ಗಂಟಿನ ಪಟ್ಟಿ ಸರಿಯಾಗಿಯೇ ಕಾಣುತ್ತದೆ, ಬಿಚ್ಚಲು ಹೋದಾಗ ಮಾತ್ರ ತಪ್ಪು ಎನ್ನುತ್ತದೆ. ಗಂಟು ಕೆಟ್ಟಿದೆ ಎಂದು ಎಸೆಯುವ ಮೊದಲು ಸೆವೆನ್‌ಜಿಪ್‌ನಲ್ಲಿ ಅಥವಾ ಇನ್ಫೋ-ಜಿಪ್‌ನ ಅನ್‌ಜಿಪ್‌ನಲ್ಲಿ ಒಮ್ಮೆ ನೋಡಿ. ಈ ಎರಡೂ ಶ್ರಿಂಕ್ ಮತ್ತು ಇಂಪ್ಲೋಡ್‌ಗಳನ್ನು ಬಲ್ಲವು.

ಕಿಟಕಿಯ ಆಯ್ಕೆ

ವಿಂಡೋಸ್ ಬಳಸುವವರು ಮೊದಲು ಸೆವೆನ್‌ಜಿಪ್ ಹಾಕಿಕೊಳ್ಳಲಿ. ಇಗೋರ್ ಪಾವ್ಲೋವ್ ಅವರು 1999ರಿಂದ ಬೆಳೆಸುತ್ತಿರುವ ಈ ಉಚಿತ ತಂತ್ರಾಂಶದ ಕಿಟಕಿ ನೋಡಲು ಸಪ್ಪೆಯೇ, ಆದರೆ ಹತ್ತರಲ್ಲಿ ಏಳು ಗಂಟುಗಳ ಸಮಸ್ಯೆ ಅಲ್ಲೇ ತೀರುತ್ತದೆಂಬುದು ನನ್ನ ಅಂದಾಜು. ಕೆಳಗಿನ ಎಂಜಿನ್ನಿಗೆ ಏನು ಆದೇಶ ಹೋಗುತ್ತಿದೆ ಎಂದು ನೋಡುವ ಕುತೂಹಲವುಳ್ಳವರಿಗೆ ಪೀಜಿಪ್ ಮೆಚ್ಚುಗೆಯಾಗುತ್ತದೆ. ತಾನು ಕಟ್ಟಿದ ಕಮಾಂಡನ್ನು ಅದು ಮುಚ್ಚಿಡದೆ ತೋರಿಸುತ್ತದೆ ಮತ್ತು ಅದನ್ನು ಸ್ಕ್ರಿಪ್ಟ್ ಆಗಿ ಉಳಿಸಿಕೊಳ್ಳಲು ಬಿಡುತ್ತದೆ. ಇಪ್ಪತ್ತು ಗಂಟುಗಳನ್ನು ಒಂದೇ ಬಗೆಯಲ್ಲಿ ಬಿಚ್ಚಬೇಕಾದಾಗ ಒಂದನ್ನು ಕಿಟಕಿಯಲ್ಲಿ ಮಾಡಿ ನೋಡಿ, ಉಳಿದುದನ್ನು ಆ ಸ್ಕ್ರಿಪ್ಟಿಗೆ ಒಪ್ಪಿಸಬಹುದು. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ಗೂ 2023ರ ಕೊನೆಯ ಭಾಗದಲ್ಲಿ ರಾರ್, ಸೆವೆನ್‌ಜೆಡ್, ಟಾರ್ ತೆರೆಯುವ ಶಕ್ತಿ ಬಂದಿದೆ. ಆದರೆ ನಮ್ಮ ಹಳೆಯ ಗಂಟುಗಳ ಮಟ್ಟಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಲಿನಕ್ಸ್‌ನಲ್ಲಿ ಸ್ಥಿತಿ ಬೇರೆ. ಗ್ನೋಮ್ ಡೆಸ್ಕ್‌ಟಾಪಿನ ಫೈಲ್ ರೋಲರ್, ಮಾಟೆಯ ಎನ್‌ಗ್ರಾಂಪಾ, ಹಗುರವಾದ ಎಕ್ಸ್‌ಆರ್ಕೈವರ್, ಕೆಡಿಇಯ ಆರ್ಕ್ ಇವೆಲ್ಲ ಬಹುಮಟ್ಟಿಗೆ ಹೊರಗಿನ ಎಂಜಿನ್ನುಗಳನ್ನು ಅವಲಂಬಿಸಿದ ಕಿಟಕಿಗಳೇ. ಇವುಗಳಲ್ಲಿ ಎಆರ್‌ಜೆ ಗಂಟು ತೆರೆಯದಿದ್ದರೆ ಕಿಟಕಿಯನ್ನು ಬದಲಿಸುವ ಅಗತ್ಯವಿಲ್ಲ. ಭಂಡಾರದಿಂದ ಎಆರ್‌ಜೆ, ಲಾಸಾ, ಅನಾರ್ ಪ್ಯಾಕೇಜುಗಳನ್ನು ಸ್ಥಾಪಿಸಿ ಕಿಟಕಿಯನ್ನು ಮುಚ್ಚಿ ತೆರೆದರೆ ಅದೇ ಕಿಟಕಿ ಹೊಸ ಗಂಟುಗಳನ್ನು ಗುರುತಿಸತೊಡಗುತ್ತದೆ. ಇಲ್ಲಿ ಎರಡು ಹಳ್ಳಗಳಿವೆ. ಫ್ಲಾಟ್‌ಪ್ಯಾಕ್ ಎಂಬ ಪ್ರತ್ಯೇಕ ಪೊಟ್ಟಣದ ರೂಪದಲ್ಲಿ ಸ್ಥಾಪಿಸಿದ ಕಿಟಕಿ ತನ್ನದೇ ಬೇಲಿಯೊಳಗೆ ಇರುವುದರಿಂದ ನೀವು ವ್ಯವಸ್ಥೆಯಲ್ಲಿ ಹಾಕಿದ ಎಂಜಿನ್ ಅದಕ್ಕೆ ಕಾಣುವುದಿಲ್ಲ. ಹಳೆಯ ಗಂಟುಗಳ ಕೆಲಸಕ್ಕೆ ವಿತರಣೆಯ ಸ್ವಂತ ಭಂಡಾರದ ಪ್ಯಾಕೇಜನ್ನೇ ಬಳಸಬೇಕು. ಇನ್ನೊಂದು, ಗ್ನೋಮ್‌ನ ಫೈಲ್ಸ್ ಎಂಬ ಕಡತ ನಿರ್ವಾಹಕದಲ್ಲಿ ಬಲಗುಂಡಿ ಒತ್ತಿದಾಗ ಕಾಣುವ ಬಿಚ್ಚುವ ಆಯ್ಕೆ ಫೈಲ್ ರೋಲರ್‌ನದಲ್ಲ, ಅದು ಲಿಬ್‌ಆರ್ಕೈವ್ ಎಂಬ ಬೇರೆ ಎಂಜಿನ್ನಿನದು. ಅಲ್ಲಿ ಸೋತ ಗಂಟು ಫೈಲ್ ರೋಲರ್‌ನಲ್ಲಿ ತೆರೆಯಬಹುದು. ಆದ್ದರಿಂದ ಕಿಟಕಿಯನ್ನು ಮೊದಲು ತೆರೆದು ಅದರೊಳಗಿಂದ ಗಂಟನ್ನು ಆರಿಸಿ.

ಮ್ಯಾಕ್‌ನವರಿಗೆ ದಿ ಅನಾರ್ಕೈವರ್ ಇದೆ, ಗಂಟು ಕಟ್ಟಲೂಬೇಕೆಂದರೆ ಕೇಕಾ ಇದೆ. 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳು ಓಡುವುದಿಲ್ಲವಾದ್ದರಿಂದ ಹಳೆಯ ಲೇಖನಗಳಲ್ಲಿ ಹೊಗಳಿರುವ ಎಷ್ಟೋ ಕಿಟಕಿಗಳು ಈಗ ಉಪಯೋಗಕ್ಕಿಲ್ಲ.

ಸಿದ್ಧ ಕಿಟಕಿ ಸಿಗದಿದ್ದರೆ ನಾವೇ ಹೊಂದಿಸುವುದು

ಎಂಜಿನ್ ಕೈಯಲ್ಲಿದೆ, ಅದಕ್ಕೆ ತಕ್ಕ ಕಿಟಕಿ ಮಾತ್ರ ಎಲ್ಲಿಯೂ ಇಲ್ಲ ಎನ್ನುವ ಪರಿಸ್ಥಿತಿಗೆ ಡಬಲ್ ಕಮಾಂಡರ್ ನನಗೆ ತಿಳಿದ ಅತ್ಯುತ್ತಮ ಉತ್ತರ. ಎರಡು ಅಂಕಣಗಳ ಈ ಕಡತ ನಿರ್ವಾಹಕ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಉಚಿತವಾಗಿ ದೊರೆಯುತ್ತದೆ. ಇದರಲ್ಲಿ ಯಾವ ಕಮಾಂಡ್ ಲೈನ್ ಸಾಧನವನ್ನಾದರೂ ಗಂಟಿನ ಎಂಜಿನ್ನಾಗಿ ಹೂಡಬಹುದು. ಟೋಟಲ್ ಕಮಾಂಡರ್ ಎಂಬ ಇನ್ನೊಂದು ಕಡತ ನಿರ್ವಾಹಕದಲ್ಲಿ ಮಲ್ಟಿಆರ್ಕ್ ಎಂಬ ಪ್ಲಗಿನ್ ಮಾಡುತ್ತಿದ್ದ ಕೆಲಸವೇ ಇದು, ಇಲ್ಲಿ ಒಳಗೇ ಅಡಕವಾಗಿದೆ.

ಆಯ್ಕೆಗಳ ಪುಟದಲ್ಲಿ ಆರ್ಕೈವರ್ಸ್ ವಿಭಾಗವನ್ನು ತೆರೆಯಿರಿ. ಹೊಸದೊಂದನ್ನು ಸೇರಿಸಿ, ಹೆಸರು ಕೊಟ್ಟು, ಎಂಜಿನ್ ಇರುವ ಜಾಗವನ್ನೂ ಅದು ನಿಭಾಯಿಸುವ ಬಾಲವನ್ನೂ ತುಂಬಿ. ಅನಂತರ ಪಟ್ಟಿ, ಬಿಚ್ಚುವುದು, ಸೇರಿಸುವುದು ಎಂಬ ಮೂರು ಖಾನೆಗಳಲ್ಲಿ ಎಂಜಿನ್ನಿಗೆ ಹೋಗಬೇಕಾದ ಆದೇಶಗಳನ್ನು ಬರೆಯಬೇಕು. ಇಲ್ಲಿ ಗಂಟಿನ ಹೆಸರನ್ನು ನೇರವಾಗಿ ಬರೆಯುವುದಿಲ್ಲ; ಶೇಕಡಾ ಚಿಹ್ನೆಯ ಪಕ್ಕದಲ್ಲಿ ದೊಡ್ಡ ಪಿ ಬರೆದರೆ ಎಂಜಿನ್ ಎಂದೂ, ದೊಡ್ಡ ಎ ಬರೆದರೆ ಗಂಟಿನ ಹೆಸರು ಎಂದೂ, ದೊಡ್ಡ ಎಲ್ ಬರೆದರೆ ಆರಿಸಿದ ಕಡತಗಳ ಪಟ್ಟಿಯೆಂದೂ ತಂತ್ರಾಂಶ ಅರ್ಥ ಮಾಡಿಕೊಳ್ಳುತ್ತದೆ. ಹಾಗಾಗಿ ಪಟ್ಟಿಯ ಖಾನೆಯಲ್ಲಿ ಎಂಜಿನ್ನಿನ ಚಿಹ್ನೆ, ಪಟ್ಟಿ ಕೇಳುವ ಅಕ್ಷರ, ಗಂಟಿನ ಚಿಹ್ನೆ ಈ ಕ್ರಮದಲ್ಲಿ ಇದ್ದರೆ ಸಾಕು. ಬಹಳಷ್ಟು ಸಾಧನಗಳಲ್ಲಿ ಆ ಅಕ್ಷರ ಎಲ್ ಅಥವಾ ವಿ ಆಗಿರುತ್ತದೆ.

ಕಷ್ಟವಿರುವುದು ಪಟ್ಟಿಯನ್ನು ಓದಿಸುವುದರಲ್ಲಿ. ಎಂಜಿನ್ ಮೊದಲಿಗೆ ತನ್ನ ಹೆಸರು, ಹಕ್ಕುಸ್ವಾಮ್ಯ, ಶೀರ್ಷಿಕೆಗಳನ್ನು ಬರೆದು, ಒಂದು ಅಡ್ಡಗೆರೆ ಎಳೆದು, ಕಡತಗಳನ್ನು ಸಾಲಾಗಿ ಬರೆದು, ಇನ್ನೊಂದು ಅಡ್ಡಗೆರೆ ಎಳೆದು ಮೊತ್ತ ಕೊಡುತ್ತದೆ. ಯಾವ ಗೆರೆಯಿಂದ ಯಾವ ಗೆರೆಯವರೆಗೆ ಓದಬೇಕೆಂದು ಆರಂಭ ಮತ್ತು ಅಂತ್ಯದ ಖಾನೆಗಳಲ್ಲಿ ತಿಳಿಸಬೇಕು. ನಡುವಿನ ಸಾಲಿನಲ್ಲಿ ಯಾವ ಅಂಕಣ ಯಾವುದು ಎಂಬುದನ್ನು ಅಕ್ಷರಗಳ ನಮೂನೆಯಿಂದ ಸೂಚಿಸಬೇಕು: ಹೆಸರಿರುವ ಕಡೆ ಎನ್, ಮೂಲ ಗಾತ್ರದ ಕಡೆ ಜೆಡ್, ಸಂಕುಚಿತ ಗಾತ್ರದ ಕಡೆ ಪಿ, ದಿನಕ್ಕೆ ಡಿ, ತಿಂಗಳಿಗೆ ಟಿ, ವರ್ಷಕ್ಕೆ ವೈ, ಗಂಟೆ ನಿಮಿಷಗಳಿಗೆ ಎಚ್ ಮತ್ತು ಎಮ್. ಎಂಜಿನ್ನಿನ ಸಾಲಿನಲ್ಲಿ ಗಾತ್ರಕ್ಕೆ ಹತ್ತು ಅಕ್ಷರಗಳ ಜಾಗವಿದ್ದರೆ ನಮೂನೆಯಲ್ಲೂ ಹತ್ತು ಜೆಡ್‌ಗಳು ಬೇಕು. ಟರ್ಮಿನಲ್ಲಿನಲ್ಲಿ ಪಟ್ಟಿಯನ್ನು ಒಮ್ಮೆ ತೆಗೆಸಿ, ಸಮಅಗಲದ ಅಕ್ಷರವುಳ್ಳ ಎಡಿಟರಿನಲ್ಲಿ ಅಂಟಿಸಿ, ಅದರ ಕೆಳಗೇ ನಮೂನೆಯನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯುವುದು ಸುಲಭದ ದಾರಿ. ರಂಗೋಲಿಯ ಚುಕ್ಕಿ ಎಣಿಸುವಷ್ಟೇ ತಾಳ್ಮೆಯ ಕೆಲಸ ಅದು. ಕೆಲವು ಸಾಧನಗಳು ಒಂದು ಕಡತಕ್ಕೆ ಎರಡು ಸಾಲು ಬರೆಯುತ್ತವೆ, ಆಗ ನಮೂನೆಯೂ ಎರಡು ಸಾಲಾಗುತ್ತದೆ.

ಇದನ್ನೆಲ್ಲ ಮಾಡುವ ಮೊದಲು ಅದೇ ಪುಟದಲ್ಲಿರುವ ಡಿಬಗ್ ಮೋಡ್ ಮತ್ತು ಕನ್ಸೋಲಿನ ಫಲಿತ ತೋರಿಸುವ ಆಯ್ಕೆಗಳನ್ನು ಗುರುತು ಹಾಕಿಕೊಳ್ಳಿ. ಆಗ ಎಂಜಿನ್ ನಿಜವಾಗಿ ಏನು ಹೇಳಿತು ಎಂಬುದು ಕಣ್ಣೆದುರಿಗೇ ಇರುತ್ತದೆ, ತಪ್ಪು ಆದೇಶದಲ್ಲಿದೆಯೋ ನಮೂನೆಯಲ್ಲಿದೆಯೋ ತಿಳಿಯುತ್ತದೆ. ಎಂಜಿನ್ನಿನ ಆವೃತ್ತಿ ಬದಲಾಗಿ ಪಟ್ಟಿಯ ಅಂಕಣ ಒಂದಕ್ಷರ ಸರಿದರೂ ಕಿಟಕಿಯಲ್ಲಿ ಹೆಸರುಗಳು ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತವೆಂಬುದನ್ನು ಮರೆಯಬಾರದು. ಹೊಂದಿಸಿದ ಮೇಲೆ ಎಂಜಿನ್ನನ್ನು ಸುಮ್ಮನೆ ನವೀಕರಿಸುವ ಗೋಜಿಗೆ ಹೋಗದಿರುವುದೇ ಲೇಸು.

ಕಪ್ಪು ಪರದೆಯಲ್ಲೇ ಇದ್ದರೂ ಕಡತಗಳ ಪಟ್ಟಿ ಬೇಕೆನ್ನುವವರಿಗೆ ಮಿಡ್‌ನೈಟ್ ಕಮಾಂಡರ್ ಇನ್ನೊಂದು ದಾರಿ. ಎಆರ್‌ಸಿ, ಎಆರ್‌ಜೆ, ಎಲ್‌ಎಚ್‌ಎ, ಝೂ ಮೊದಲಾದವುಗಳಿಗೆ ಪುಟ್ಟ ಸ್ಕ್ರಿಪ್ಟುಗಳು ಅದರೊಡನೆಯೇ ಬರುತ್ತವೆ, ಎಂಜಿನ್ ಇದ್ದರೆ ಗಂಟಿನೊಳಗೆ ಫೋಲ್ಡರಿನೊಳಗೆ ಹೋದಂತೆಯೇ ಹೋಗಬಹುದು.

ಡಾಸ್‌ನ ಮೂಲ ಎಂಜಿನ್ನೇ ಬೇಕಾದಾಗ

ಯಾರೂ ಹೊಸದಾಗಿ ಬರೆಯದ ಅಪರೂಪದ ಗಂಟಾಗಿದ್ದರೆ ಅದನ್ನು ಕಟ್ಟಿದ ಡಾಸ್ ಸಾಧನವನ್ನೇ ಓಡಿಸಬೇಕಾಗುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿ, ಖಾಲಿ ಫೋಲ್ಡರೊಂದನ್ನು ಅದರ ಸಿ ಡ್ರೈವ್ ಆಗಿ ಮೌಂಟ್ ಮಾಡಿ, ಗಂಟಿನ ಪ್ರತಿಯನ್ನೂ ಸಾಧನವನ್ನೂ ಅದರೊಳಗಿಡಿ. ಬಿಚ್ಚಿದ ಕಡತಗಳು ಹೊರಗಿನ ಫೋಲ್ಡರಿನಲ್ಲಿ ಹಾಗೆಯೇ ಕಾಣುತ್ತವೆ. ಆ ಕಾಲದಲ್ಲೇ ಶೆಜ್‌ನಂಥ ಪೂರ್ಣಪರದೆಯ ಶೆಲ್‌ಗಳು ಹಲವು ಸಾಧನಗಳಿಗೆ ಒಂದೇ ಮೆನು ಒದಗಿಸುತ್ತಿದ್ದವು. ಡಾಸ್‌ಬಾಕ್ಸ್‌ನೊಳಗೆ ಅವು ಇಂದಿಗೂ ಓಡುತ್ತವೆ. ಎಂಜಿನ್ನಿನ ಓರಗೆಯ ಕಿಟಕಿಯೇ ಆದ್ದರಿಂದ ಪಟ್ಟಿಯ ಅಂಕಣಗಳ ತಕರಾರೂ ಬರುವುದಿಲ್ಲ. ಹೆಸರುಗಳು ಎಂಟಕ್ಷರ ಮತ್ತು ಮೂರಕ್ಷರದ ಬಾಲದೊಳಗೇ ಇರಬೇಕೆಂಬ ಡಾಸ್ ನಿಯಮವನ್ನು ಮಾತ್ರ ಪಾಲಿಸಿ.

ಬಿಚ್ಚುವಾಗ ಎಡವುವ ಜಾಗಗಳು

ಬಿಚ್ಚುವ ಮೊದಲು ಪರೀಕ್ಷಿಸಿ. ಹೆಚ್ಚಿನ ಎಂಜಿನ್ನುಗಳಲ್ಲಿ ಟಿ ಅಕ್ಷರದ ಆದೇಶ ಅದಕ್ಕಾಗಿಯೇ ಇದೆ, ಕಿಟಕಿಗಳಲ್ಲಿ ಟೆಸ್ಟ್ ಎಂಬ ಗುಂಡಿಯಾಗಿರುತ್ತದೆ. ಗಂಟಿನೊಳಗಿನ ಪ್ರತಿ ಕಡತದ ಸಿಆರ್‌ಸಿ ಎಂಬ ತಪಾಸಣೆಯ ಸಂಖ್ಯೆಯನ್ನು ಲೆಕ್ಕಹಾಕಿ ಬರೆದಿಟ್ಟುದರೊಡನೆ ಅದು ತಾಳೆ ನೋಡುತ್ತದೆ. ಜಿಪ್ ಮತ್ತು ಎಆರ್‌ಜೆಗಳಲ್ಲಿ ಅದು 32 ಬಿಟ್‌ನದು. ಎಆರ್‌ಸಿ, ಝೂ, ಎಲ್‌ಎಚ್‌ಎಗಳಲ್ಲಿ 16 ಬಿಟ್‌ನದು, ಹಾಗಾಗಿ ಅಲ್ಲಿ ಪರೀಕ್ಷೆ ಪಾಸಾದರೂ ಮುಖ್ಯವಾದ ಕಡತಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಇ ಮತ್ತು ಎಕ್ಸ್ ಅಕ್ಷರಗಳ ವ್ಯತ್ಯಾಸವನ್ನು ನಾನು ಪೆಟ್ಟು ತಿಂದು ಕಲಿತೆ. ಎಆರ್‌ಜೆ, ರಾರ್, ಸೆವೆನ್‌ಜಿಪ್‌ಗಳಲ್ಲಿ ಎಕ್ಸ್ ಎಂದರೆ ಫೋಲ್ಡರುಗಳ ಸಮೇತ ಬಿಚ್ಚುವುದು, ಇ ಎಂದರೆ ಎಲ್ಲವನ್ನೂ ಒಂದೇ ಜಾಗದಲ್ಲಿ ಸುರಿಯುವುದು. ಪರಿಚಯದವರೊಬ್ಬರ ಮುದ್ರಣಾಲಯದ ಹಳೆಯ ಗಂಟನ್ನು ನಾನೇ ಹೊಂದಿಸಿದ ಕಿಟಕಿಯಲ್ಲಿ ಇ ಬರೆದು ಬಿಚ್ಚಿದಾಗ, ಹನ್ನೆರಡು ತಿಂಗಳ ಹನ್ನೆರಡು ಫೋಲ್ಡರುಗಳಲ್ಲಿದ್ದ ಒಂದೇ ಹೆಸರಿನ ಪುಟಗಳು ಒಂದರ ಮೇಲೊಂದು ಬರೆದುಕೊಂಡು ಕೊನೆಗೆ ಡಿಸೆಂಬರ್ ಮಾತ್ರ ಉಳಿದಿತ್ತು. ಮೂಲ ಗಂಟು ಭದ್ರವಾಗಿದ್ದುದರಿಂದ ಬಚಾವಾದೆ.

ಕಿಟಕಿ ಏನೂ ಹೇಳದೆ ಗಂಟೆಗಟ್ಟಲೆ ತಿರುಗುತ್ತಿದ್ದರೆ, ಎಂಜಿನ್ ಒಳಗೊಳಗೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರಬಹುದು: ಈ ಕಡತ ಆಗಲೇ ಇದೆ, ಮೇಲೆ ಬರೆಯಲೇ? ಮುಂದಿನ ಡಿಸ್ಕ್ ಹಾಕುವಿರಾ? ಪಾಸ್‌ವರ್ಡ್ ಏನು? ಆ ಪ್ರಶ್ನೆ ಕಿಟಕಿಯವರೆಗೆ ತಲುಪಿರುವುದಿಲ್ಲ. ಖಾಲಿ ಫೋಲ್ಡರಿಗೇ ಬಿಚ್ಚುವುದು ಮೊದಲ ಪರಿಹಾರ. ಎಆರ್‌ಜೆ, ಸೆವೆನ್‌ಜಿಪ್‌ಗಳಲ್ಲಿ ಅಡ್ಡಗೆರೆಯೊಡನೆ ವೈ ಸೇರಿಸಿ ಎಲ್ಲಕ್ಕೂ ಹೌದೆನ್ನಿಸುವುದು ಎರಡನೆಯದು.

ಬಹುಫ್ಲಾಪಿ ಗಂಟುಗಳಲ್ಲಿ ಎಆರ್‌ಜೆಯದು ಸರಳ. ಮೊದಲ ತುಂಡಿಗೆ ಎಆರ್‌ಜೆ ಬಾಲ, ಮುಂದಿನವಕ್ಕೆ ಎ01, ಎ02 ಎಂಬ ಬಾಲಗಳು. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಮೊದಲನೆಯದನ್ನು ಮಾತ್ರ ತೆರೆಯಬೇಕು. ಪಿಕೆಜಿಪ್‌ನದು ಮೋಸದ ಜಾಗ, ಏಕೆಂದರೆ ಪ್ರತಿ ಫ್ಲಾಪಿಯಲ್ಲೂ ಒಂದೇ ಹೆಸರಿನ ಜಿಪ್ ಕಡತವಿರುತ್ತದೆ, ಕ್ರಮಸಂಖ್ಯೆ ಇರುವುದು ಫ್ಲಾಪಿಯ ವಾಲ್ಯೂಮ್ ಲೇಬಲ್ಲಿನಲ್ಲಿ ಮಾತ್ರ. ಎಲ್ಲವನ್ನೂ ಒಂದೇ ಫೋಲ್ಡರಿಗೆ ನಕಲಿಸಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಪ್ರತಿ ಫ್ಲಾಪಿಯನ್ನೂ ಬೇರೆ ಫೋಲ್ಡರಿಗೆ ನಕಲಿಸಿ, ಮೊದಲನೆಯದಕ್ಕೆ ಜೆಡ್01, ಎರಡನೆಯದಕ್ಕೆ ಜೆಡ್02 ಎಂದು ಬಾಲ ಬದಲಿಸುತ್ತ ಹೋಗಿ, ಕಟ್ಟಕಡೆಯದಕ್ಕೆ ಮಾತ್ರ ಜಿಪ್ ಉಳಿಸಿ, ಆಮೇಲೆ ಒಟ್ಟುಗೂಡಿಸಿ ಸೆವೆನ್‌ಜಿಪ್‌ನಲ್ಲಿ ಆ ಕಡೆಯದನ್ನು ತೆರೆಯಿರಿ.

ಎಸಿಇ ಗಂಟಿನ ಬಗ್ಗೆ ಎಚ್ಚರಿಕೆ ಬೇಕು. ಅದರ ಒಳರಚನೆ ಮುಚ್ಚಿಟ್ಟದ್ದಾದ್ದರಿಂದ ಎಷ್ಟೋ ಕಿಟಕಿಗಳು ಮೂಲಕರ್ತೃಗಳ ಯುಎನ್‌ಎಸಿಇವಿ2 ಎಂಬ ಡಿಎಲ್‌ಎಲ್ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ವಿಂಡೋಸ್ ಕೋಡ್ ಕಡತ) ಅನ್ನೇ ಎಂಜಿನ್ನಾಗಿ ಇಟ್ಟುಕೊಂಡಿದ್ದವು. ಗಂಟು ಬಿಚ್ಚುವಾಗ ನಾವು ಹೇಳಿದ ಫೋಲ್ಡರನ್ನು ಬಿಟ್ಟು ಬೇರೆಲ್ಲೋ ಕಡತವನ್ನು ಇಳಿಸಬಹುದಾದ ದೋಷ ಅದರಲ್ಲಿದೆಯೆಂದು ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 2019ರ ಫೆಬ್ರುವರಿಯಲ್ಲಿ ಬಹಿರಂಗಪಡಿಸಿದರು. ಆಕರ ಕೋಡ್ ಕೈಯಲ್ಲಿಲ್ಲದ ವಿನ್‌ರಾರ್‌ನವರು ಅದನ್ನು ದುರಸ್ತಿ ಮಾಡಲಾಗದೆ 5.70 ಆವೃತ್ತಿಯಿಂದ ಎಸಿಇ ಬೆಂಬಲವನ್ನೇ ತೆಗೆದುಹಾಕಿದರು. ಆ ಡಿಎಲ್‌ಎಲ್ ಉಳಿದಿರುವ ಹಳೆಯ ಕಿಟಕಿ ನಿಮ್ಮಲ್ಲಿದ್ದರೆ ತೆಗೆಯಿರಿ. ಎಸಿಇಯನ್ನು ತೆರೆಯಲೇಬೇಕಾದರೆ ವರ್ಚುವಲ್ ಮಷೀನಿನೊಳಗೆ ತೆರೆಯಿರಿ. ಬಾಲ ಬದಲಾಗಿದ್ದರೂ ಹಳೆಯ ವಿನ್‌ರಾರ್ ಎಸಿಇಯನ್ನು ಗುರುತಿನಿಂದಲೇ ಪತ್ತೆಹಚ್ಚಿ ತೆರೆಯುತ್ತಿತ್ತು ಎಂಬುದು ಗಮನಿಸಬೇಕಾದ ಅಂಶ.

ಕನ್ನಡದ ಕಡತಗಳಿದ್ದಲ್ಲಿ

ಹಳೆಯ ಡಿಟಿಪಿ ಕೆಲಸದ ಗಂಟುಗಳನ್ನು ಬಿಚ್ಚಿದಾಗ ಪಠ್ಯವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಂಟನ್ನೋ ಎಂಜಿನ್ನನ್ನೋ ದೂರಬೇಡಿ. ಶ್ರೀಲಿಪಿ, ಬರಹ, ನುಡಿಗಳ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಆ ಫಾಂಟನ್ನು ಹಾಕಿದರೆ ಅಥವಾ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿದರೆ ಸರಿಯಾಗುತ್ತದೆ.

ಹೆಸರಿನ ತೊಡಕು ಬೇರೆ ಬಗೆಯದು. ಕಡತಗಳ ಹೆಸರಿಗೆ ಬಳಸುವಂಥ ಹಳೆಯ ಕೋಡ್‌ಪೇಜ್, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ, ಕನ್ನಡಕ್ಕೆ ವಿಂಡೋಸ್‌ನಲ್ಲಿ ಇರಲಿಲ್ಲ, ನೇರವಾಗಿ ಯೂನಿಕೋಡೇ ಬಂತು. ಜಿಪ್ ರಚನೆಯಲ್ಲಿ ಹೆಸರು ಯುಟಿಎಫ್-8ರಲ್ಲಿದೆ ಎಂದು ಸೂಚಿಸುವ ಗುರುತು ಸೇರಿದುದು 2006ರಲ್ಲಿ. ಆದ್ದರಿಂದ ಆ ಗುರುತನ್ನು ಅರಿಯದ ಹಳೆಯ ಎಂಜಿನ್ನಿಗೆ ಕನ್ನಡ ಹೆಸರಿನ ಕಡತಗಳನ್ನು ಕೊಟ್ಟು ಗಂಟು ಕಟ್ಟಿಸಬೇಡಿ. ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದು ಮತ್ತೆ ಮರಳಿ ಬರುವುದಿಲ್ಲ. ಬೇರೆ ಭಾಷೆಯ ಹಳೆಯ ಗಂಟುಗಳಲ್ಲಿ, ಉದಾಹರಣೆಗೆ ಜಪಾನಿನ ಎಲ್‌ಎಚ್‌ಎಗಳಲ್ಲಿ, ಹೆಸರು ಕಲಸಿಹೋದಂತೆ ಕಂಡರೆ ಅನಾರ್‌ಗೆ ಅಡ್ಡಗೆರೆ ಮತ್ತು ಇ ಕೊಟ್ಟು ಸಂಕೇತಪದ್ಧತಿಯನ್ನು ಹೇಳಬಹುದು, ದಿ ಅನಾರ್ಕೈವರ್ ಬಹಳ ಸಲ ತಾನೇ ಊಹಿಸಿಕೊಳ್ಳುತ್ತದೆ.

ಬಿಚ್ಚಿ ಮುಗಿದ ಮೇಲೆ ಹೊಸ ಫೋಲ್ಡರನ್ನು ಡಿಫ್ಲೇಟ್ ವಿಧಾನದ ಜಿಪ್ ಆಗಿ ಮರಳಿ ಕಟ್ಟಿಡಿ. ಗಾತ್ರ ತುಸು ಹೆಚ್ಚಾದರೂ ಯಾವ ಕಿಟಕಿಯಲ್ಲಾದರೂ ತೆರೆಯುತ್ತದೆ. ಮೂಲ ಗಂಟನ್ನು ಅಳಿಸದೆ, ಅದರ ಎಸ್‌ಎಚ್‌ಎ-256 ಮೊತ್ತವನ್ನೂ (ಕಡತ ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆಯನ್ನೂ) ಯಾವ ಎಂಜಿನ್ನಿನ ಯಾವ ಆವೃತ್ತಿಯಿಂದ ಬಿಚ್ಚಿದಿರೆಂಬುದನ್ನೂ ಒಂದು ಸರಳ ಪಠ್ಯ ಕಡತದಲ್ಲಿ ಬರೆದು ಅದರ ಪಕ್ಕದಲ್ಲೇ ಇಡಿ. ಡಾಸ್‌ಬಾಕ್ಸ್‌ನಲ್ಲಿ ಓಡಿಸಿದ ಎಂಜಿನ್ನಾಗಿದ್ದರೆ ಆ ಎಂಜಿನ್ನಿನ ಪ್ರತಿಯನ್ನೂ ಅದೇ ಫೋಲ್ಡರಿಗೆ ಸೇರಿಸಿ.